ಪದಪಟ್ಟಿಗೊಂದು ಗ್ರಾಮರ್

ಸ್ನೇಹಿತರೊಬ್ಬರು ತಮ್ಮ ಊರಿನ ಮಾತುಗಳನ್ನು ವರ್ಷಗಟ್ಟಲೆ ಒಂದು ಟೆಕ್ಸ್ಟ್ ಫೈಲಿನಲ್ಲಿ ಕೂಡಿಟ್ಟಿದ್ದಾರೆ. ಸಾಲಿಗೊಂದು ಪದ. ಪಕ್ಕದಲ್ಲಿ ‘ನಾಮ’, ‘ಕ್ರಿಯಾ’, ‘ಗುಣ’ ಎಂಬ ಗುರುತು. ಆಮೇಲೆ ಕೋಲನ್, ಅರ್ಥಗಳು, ನಡುನಡುವೆ ಸೆಮಿಕೋಲನ್. ಕೆಲವು ಅರ್ಥಗಳ ಮುಂದೆ ಬ್ರಾಕೆಟ್ಟಿನಲ್ಲಿ ಬಳಕೆಯ ವಾಕ್ಯವೂ ಇದೆ. ಇದನ್ನು ಹುಡುಕೋಕೆ ಬರುವ ಹಾಗೆ ಮಾಡಿಕೊಡಿ ಎಂದು ಕೇಳಿದರು.

ಸೆಮಿಕೋಲನ್ ಕಂಡಲ್ಲೆಲ್ಲ ಕತ್ತರಿಸಿದರೆ ಬ್ರಾಕೆಟ್ಟಿನೊಳಗಿನ ವಾಕ್ಯವೂ ತುಂಡಾಗುತ್ತದೆ. ಬ್ರಾಕೆಟ್ಟಿನೊಳಗೆ ಬ್ರಾಕೆಟ್ ಬಂದರಂತೂ ಮಾಮೂಲಿ ರೆಜೆಕ್ಸ್‌ಗೆ (ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರಕ್ಕೆ) ಅದು ಎಟುಕುವುದೇ ಇಲ್ಲ. ಹಾಗಾಗಿ ಒಂದು ಭಾನುವಾರ ಆಂಟ್ಲರ್ 4 ಎಂಬ ಸಾಧನ ಹಿಡಿದು ಕೂತೆ. ಅದು ಪಾರ್ಸರನ್ನು, ಅಂದರೆ ಪಠ್ಯ ಓದಿ ಅದರ ರಚನೆ ಬಿಡಿಸುವ ಪ್ರೋಗ್ರಾಮನ್ನು, ಬರೆದುಕೊಡುತ್ತದೆ.

ಪಾರ್ಸರ್ ಬರೆದುಕೊಡುವ ಸಾಧನಗಳು ಹೊಸವಲ್ಲ. ಬೆಲ್ ಲ್ಯಾಬ್ಸ್‌ನಲ್ಲಿ ಸ್ಟೀಫನ್ ಜಾನ್ಸನ್ 1970ರ ದಶಕದಲ್ಲೇ ‘ಯಾಕ್’ ಎಂಬ ಅಂಥ ಸಾಧನ ಬರೆದಿದ್ದರು. ಆಂಟ್ಲರ್ ಟೆರೆನ್ಸ್ ಪಾರ್ ಅವರದು. ಫೈಲಿನ ರಚನೆ ಹೇಗಿದೆ ಎಂದು ನಿಯಮಗಳಲ್ಲಿ (ಇವೆಲ್ಲ ಸೇರಿ ಗ್ರಾಮರ್) ಹೇಳಿದರೆ ಸಾಕು, ಓದುವ ಕೋಡನ್ನು ಅದೇ ಹುಟ್ಟಿಸುತ್ತದೆ. ಪಠ್ಯವನ್ನು ಟೋಕನ್ ಎಂಬ ತುಂಡುಗಳಾಗಿ ಮಾಡೋದು ಲೆಕ್ಸರ್, ಆ ತುಂಡುಗಳನ್ನು ಜೋಡಿಸಿ ನೋಡೋದು ಪಾರ್ಸರ್. ದೊಡ್ಡಕ್ಷರದಿಂದ ಶುರುವಾದ ಹೆಸರು ಲೆಕ್ಸರ್ ನಿಯಮ, ಸಣ್ಣಕ್ಷರದ್ದು ಪಾರ್ಸರ್ ನಿಯಮ. ಬ್ರಾಕೆಟ್ಟಿನ ನಿಯಮದೊಳಗೆ ಅದೇ ನಿಯಮವನ್ನು ಮತ್ತೆ ಕರೆದೆ. ಎಷ್ಟು ಒಳಗೆ ಹೋದರೂ ಅದು ಹಿಂದೆಯೇ ಹೋಗುತ್ತದೆ. ಇದನ್ನು ನೋಡಿ ನನಗೆ ನಿಜಕ್ಕೂ ಖುಷಿಯಾಯಿತು.

ಕನ್ನಡದ ಪದವನ್ನು ಗುರುತಿಸೋದು ಸುಲಭ ಅನ್ನಿಸಿತ್ತು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಸ್ಥಾನಗಳ ಒಂದು ಬ್ಲಾಕ್ ಇದೆ, ಅದನ್ನೇ ಕೊಟ್ಟೆ. ಆದರೆ ‘ಬಸ್‌ಸ್ಟ್ಯಾಂಡ್’ ಎರಡು ತುಂಡಾಗಿ ಬಂತು, ಜೊತೆಗೊಂದು ಎರರ್. ಅಲ್ಲಿ ಒತ್ತಕ್ಷರ ಆಗದಂತೆ ತಡೆಯೋದು ಕಣ್ಣಿಗೆ ಕಾಣದ ಝೀರೋ ವಿಡ್ತ್ ನಾನ್ ಜಾಯ್ನರ್. ಅದರ ಜಾಗ ಕನ್ನಡದ ಬ್ಲಾಕಿನ ಹೊರಗಿದೆ. ನಿಯಮದಲ್ಲಿ ಅದನ್ನೂ ಸೇರಿಸಿದ ಮೇಲೆ ಪದ ಒಂದಾಯಿತು. ಕನ್ನಡ ಪಠ್ಯದ ಜೊತೆ ಕೆಲಸ ಮಾಡುವವರು ಇದನ್ನು ಮೊದಲೇ ತಿಳಿದಿದ್ದರೆ ಒಳ್ಳೆಯದು.

ಇನ್ನೊಂದು ತೊಡಕು ಇದಕ್ಕಿಂತ ಸ್ವಾರಸ್ಯದ್ದು. ‘ವಾಸಿಯಾಗು’ ಪದಕ್ಕೆ ಕೊಟ್ಟ ಅರ್ಥ ‘ಗುಣ ಆಗು’. ಪಾರ್ಸರ್ ಅಲ್ಲೇ ನಿಂತಿತು. ಟೋಕನ್‌ಗಳ ಪಟ್ಟಿ ತೆಗೆಸಿ ನೋಡಿದಾಗ ಕಾರಣ ಸಿಕ್ಕಿತು. ಲೆಕ್ಸರ್ ಅತಿ ಉದ್ದದ ಹೊಂದಾಣಿಕೆಯನ್ನು ಆರಿಸುತ್ತದೆ. ಉದ್ದ ಒಂದೇ ಆದರೆ ಗ್ರಾಮರಿನಲ್ಲಿ ಮೊದಲು ಬರೆದ ನಿಯಮ ಗೆಲ್ಲುತ್ತದೆ, ಇಲ್ಲಿ ಅದು ಗುರುತಿನ ನಿಯಮ. ಈಗ ಓದುತ್ತಿರೋದು ಅರ್ಥದ ಭಾಗ ಎಂಬುದು ಅದಕ್ಕೆ ಗೊತ್ತೇ ಇರುವುದಿಲ್ಲ, ಯಾಕಂದ್ರೆ ಅದು ಪಾರ್ಸರನ್ನು ಕೇಳುವುದಿಲ್ಲ. ಹಾಗಾಗಿ ಎಲ್ಲ ‘ಗುಣ’ವೂ ಅದಕ್ಕೆ ಬರೀ ಗುರುತು. ಲೆಕ್ಸರನ್ನು ಮುಟ್ಟದೆ ಪಾರ್ಸರಿನಲ್ಲೇ ‘ಪದ ಅಂದರೆ ಮಾಮೂಲಿ ಪದ ಅಥವಾ ಗುರುತು’ ಎಂದು ಒಂದು ನಿಯಮ ಬರೆದೆ. ಅರ್ಥದಲ್ಲೂ, ಸಾಲಿನ ಮೊದಲ ಪದದಲ್ಲೂ ಅದನ್ನೇ ಬಳಸಿದೆ. ಎರಡೂ ಕಡೆ ಸರಿಹೋಯಿತು.

ಶುರು ಮಾಡುವವರು ಪಾರ್ಸರ್ ಕಟ್ಟಿಕೊಡುವ ಮರದ ಚಿತ್ರಕ್ಕಿಂತ (ಯಾವುದರೊಳಗೆ ಯಾವುದು ಎಂದು ತೋರಿಸುವ ಕವಲುಚಿತ್ರ) ಮುಂಚೆ ಟೋಕನ್ ಪಟ್ಟಿಯನ್ನೇ ನೋಡಲಿ ಎಂದು ನಾನು ಹೇಳುವುದು ಇದಕ್ಕೇ. ಮರ ಚೆಂದ, ಆದರೆ ತೊಡಕು ಜಾಸ್ತಿ ಇರೋದು ಅದರ ಕೆಳಗೆ. ಮೊದಲ ನಿಯಮದ ಕೊನೆಗೆ ‘ಫೈಲ್ ಮುಗಿಯಿತು’ ಎಂಬ ಟೋಕನ್ ಇರಲೇಬೇಕು. ಇಲ್ಲದಿದ್ದರೆ ಪಾರ್ಸರ್ ಅರ್ಧ ಫೈಲಿಗೇ ನಿಂತು, ತಕರಾರಿಲ್ಲದೆ ಸುಮ್ನಾಗಿಬಿಡಬಹುದು. ಖಾಲಿ ಜಾಗಗಳನ್ನು ಪೂರ್ತಿ ಬಿಸಾಡದೆ ಪಾರ್ಸರಿಗೆ ಕಾಣದ ಹಿಡನ್ ಚಾನೆಲ್‌ಗೆ ಕಳಿಸಿದೆ. ಆಮೇಲೆ ಬಳಕೆಯ ವಾಕ್ಯಗಳನ್ನು ಪದಗಳು ಅಂಟಿಕೊಳ್ಳದ ಹಾಗೆ ಹೊರತೆಗೆಯಬೇಕಲ್ವಾ?

ಕೊನೆಗೆ ಪೈಥಾನ್‌ನಲ್ಲಿ ಒಂದು ವಿಸಿಟರ್ (ಮರದ ಕವಲುಗಳಿಗೆಲ್ಲ ಹೋಗಿ ಬೇಕಾದ್ದನ್ನು ಎತ್ತಿಕೊಳ್ಳುವ ಕೋಡ್) ಬರೆದು ಎಲ್ಲವನ್ನೂ ಜೇಸನ್ ಎಂಬ ಡೇಟಾ ರೂಪಕ್ಕೆ ತಂದೆ. ಪಾರ್ಸರ್ ಒಪ್ಪದ ಸಾಲುಗಳ ನಂಬರುಗಳನ್ನು ಸ್ನೇಹಿತರಿಗೆ ಕಳಿಸಿದ್ದೇನೆ. ಅವುಗಳಲ್ಲಿ ಹೆಚ್ಚಿನವು ಮುಚ್ಚದೆ ಬಿಟ್ಟ ಬ್ರಾಕೆಟ್‌ಗಳು. ವಾಕ್ಯ ಎಲ್ಲಿ ಮುಗಿಯಬೇಕು ಎಂದು ಅವರೇ ನೋಡಿ ಹೇಳಬೇಕು.