ಹಳೇ ಸಿನಿಮಾಗೆ ಎಚ್ಚರಿಕೆಯ ಸಾಲು ಬರೆಯುವಾಗ

ಮೈಸೂರಿನ ಕುವೆಂಪುನಗರದಲ್ಲಿ ನಮ್ಮದೊಂದು ಸಣ್ಣ ಆಫೀಸು. ಓಟಿಟಿ ಕಂಪನಿಗಳು ಕಳಿಸುವ ಹಳೇ ಕನ್ನಡ ಸಿನಿಮಾಗಳನ್ನು ಪೂರ್ತಿ ನೋಡಿ, ಯಾವ ನಿಮಿಷಕ್ಕೆ ಏನಿದೆ ಅಂತ ಗುರುತು ಹಾಕಿ, ಶುರುವಿನಲ್ಲಿ ಪರದೆ ಮೇಲೆ ಬರುವ ಎಚ್ಚರಿಕೆಯ ಸಾಲು ಬರೆದುಕೊಡುತ್ತೇವೆ. ಸಿಗರೇಟು, ರಕ್ತ, ಬೈಗುಳಕ್ಕೆಲ್ಲ ಫಾರ್ಮಿನಲ್ಲಿ ಖಾನೆ ಇದೆ, ಟಿಕ್ ಹಾಕಿದರೆ ಮುಗೀತು. 2021ರ ಐಟಿ ನಿಯಮಗಳಲ್ಲಿ ತಾರತಮ್ಯದ ಪ್ರಸ್ತಾಪವೂ ಇದೆ. ಆದರೆ ಒಂದು ಸಮುದಾಯವನ್ನೇ ಹೀನಾಯವಾಗಿ ತೋರಿಸಿದ ದೃಶ್ಯಕ್ಕೆ ನಮ್ಮ ಫಾರ್ಮಿನಲ್ಲಿ ಜಾಗ ಇರಲಿಲ್ಲ.

ಹೊಸದಾಗಿ ಸೇರುವವರಿಗೆ ನಾನು ಡಿಸ್ನಿಯವರ ‘ಸಾಂಗ್ ಆಫ್ ದಿ ಸೌತ್’ ಕಥೆ ಹೇಳುತ್ತೇನೆ. 1946ರ ಚಿತ್ರ ಅದು. ತೋಟದಲ್ಲಿ ದುಡಿಯುವ ಕಪ್ಪು ಜನ ಹಾಡಿಕೊಂಡು ಹಾಯಾಗಿದ್ದರು ಅನ್ನುವಂತೆ ತೋರಿಸುತ್ತದೆ. ಆಗಲೇ ಕಪ್ಪು ಜನರ ಸಂಘಟನೆ ಎನ್‌ಎಎಸಿಪಿ ಆಕ್ಷೇಪಿಸಿತ್ತು. ಆದರೂ 1986ರವರೆಗೆ ಅದು ಮತ್ತೆ ಮತ್ತೆ ಥಿಯೇಟರಿಗೆ ಬಂತು. ಆಮೇಲೆ ಕಂಪನಿ ಅದನ್ನು ಕಪಾಟಿಗೆ ಸೇರಿಸಿತು; ಅವರದೇ ಓಟಿಟಿ ಡಿಸ್ನಿ ಪ್ಲಸ್‌ನಲ್ಲೂ ಇಲ್ಲ. ಹಾಗಂತ ಅದೇ ಚಿತ್ರದ ಪಾತ್ರಗಳಿದ್ದ, ಡಿಸ್ನಿಯ ಮನರಂಜನಾ ಪಾರ್ಕುಗಳಲ್ಲಿನ ಸ್ಪ್ಲಾಷ್ ಮೌಂಟನ್ ರೈಡನ್ನು ನಿಲ್ಲಿಸಿದರಾ? 1989ರಲ್ಲಿ ಶುರುವಾದದ್ದು 2023ರವರೆಗೆ ಅಮೆರಿಕದಲ್ಲಿ ಓಡಿತು. ಚಿತ್ರ ಬೇಡ, ಅದರ ಆದಾಯ ಬೇಕು. ಇದನ್ನು ನಾನು ಪಶ್ಚಾತ್ತಾಪ ಅಂತ ಒಪ್ಪುವುದಿಲ್ಲ.

ಅದರಲ್ಲಿ ಮುಖ್ಯ ಪಾತ್ರ ಮಾಡಿದ ಜೇಮ್ಸ್ ಬ್ಯಾಸ್ಕೆಟ್ ಕಪ್ಪು ನಟ. ಬಣ್ಣಭೇದದ ಅಟ್ಲಾಂಟಾದಲ್ಲಿ ನಡೆದ ಮೊದಲ ಪ್ರದರ್ಶನಕ್ಕೆ ಅವರು ಹೋಗಲಾಗಲಿಲ್ಲ. 1948ರಲ್ಲಿ ಅವರಿಗೆ ಗೌರವ ಆಸ್ಕರ್ ಸಿಕ್ಕಿತು, ಅದೇ ವರ್ಷ ತೀರಿಕೊಂಡರು. ಚಿತ್ರವನ್ನು ಬಚ್ಚಿಟ್ಟಾಗ ಕಂಪನಿಯ ಹೆಸರು ಉಳಿಯಿತು, ಆ ಮನುಷ್ಯನ ಕೆಲಸ ಮರೆಗೆ ಸರಿಯಿತು.

‘ಡಂಬೊ’, ‘ಪೀಟರ್ ಪ್ಯಾನ್’ ಅನ್ನುವ ತಮ್ಮ ಹಳೇ ಚಿತ್ರಗಳ ವಿಷಯದಲ್ಲಿ ಡಿಸ್ನಿಯವರು ಬೇರೆ ದಾರಿ ಹಿಡಿದರು. 2020ರ ಅಕ್ಟೋಬರಿನಲ್ಲಿ, ಇದರಲ್ಲಿ ಕೆಲವು ಸಮುದಾಯಗಳನ್ನು ತೋರಿಸಿದ ರೀತಿ ಆಗಲೂ ತಪ್ಪು, ಈಗಲೂ ತಪ್ಪು ಅಂತ ನೇರವಾಗಿ ಬರೆದು ಚಿತ್ರವನ್ನು ಉಳಿಸಿಕೊಂಡರು. ನನಗೆ ಹಿಡಿಸಿದ್ದು ಇದು. 2025ರಲ್ಲಿ ಆ ಮಾತನ್ನು ಮೊಟಕು ಮಾಡಿದ್ದು ಬೇಸರದ ಸಂಗತಿ.

ನಮ್ಮಲ್ಲೇ ಇಂಥದ್ದು ಬಂತು. ಒಂದು ಕಪ್ಪು-ಬಿಳುಪು ಚಿತ್ರದ ಹಾಡಿನಲ್ಲಿ ಮೈಗೆ ಮಸಿ ಬಳಿದುಕೊಂಡು, ತಲೆಗೆ ಗರಿ ಸಿಕ್ಕಿಸಿಕೊಂಡು, ಬೆಂಕಿ ಸುತ್ತ ಕೂಗುತ್ತ ಕುಣಿಯುವ ಕಾಡುಜನ. ಎಚ್.ಡಿ. ಕೋಟೆ ಕಡೆಯ ಜೇನುಕುರುಬರ ಹುಡುಗಿಯೊಬ್ಬಳು ನಮ್ಮಲ್ಲಿ ಕೆಲಸ ಮಾಡುತ್ತಾಳೆ. ಹೆಡ್‌ಫೋನ್ ತೆಗೆದಿಟ್ಟಳು. ‘ಮೇಡಂ, ಹಾಸ್ಟೆಲ್ಲಲ್ಲಿ ನನ್ನ ನೋಡಿದ್ರೆ ಹುಡುಗೀರು ಹಿಂಗೇ ಕೂಗ್ತಿದ್ರು. ಟೀವೀಲಿ ನೋಡಿ ಕಲ್ತಿದ್ದು.’

ಚಿತ್ರ ಕಳಿಸಿದವರು ಹಾಡನ್ನೇ ಕತ್ತರಿಸಿ ಅಂದರು. ನಾನು ಅವಳನ್ನು ಕೇಳಿದೆ. ‘ಕತ್ತರಿಸಿಬಿಟ್ರೆ ನಾವು ಸುಮ್ನೆ ಗೋಳಾಡ್ತೀವಿ ಅಂತಾರೆ ಮೇಡಂ. ಇರ್ಲಿ, ಏನು ತಪ್ಪು ಅಂತ ಬರೀರಿ.’

ಇಬ್ಬರೂ ಕೂತು ಬರೆದೆವು: ‘ಈ ಚಿತ್ರದ ಒಂದು ಹಾಡು ಕಾಡಿನ ಬುಡಕಟ್ಟು ಜನರನ್ನು ಕ್ರೂರಿಗಳಂತೆ, ನಗೆಪಾಟಲಿನ ವಸ್ತುವಿನಂತೆ ತೋರಿಸುತ್ತದೆ. ಇದು ಸುಳ್ಳು. ಇಂಥ ಚಿತ್ರಣದಿಂದ ಆ ಸಮುದಾಯದ ಮಕ್ಕಳು ಇಂದಿಗೂ ಅವಮಾನ ಅನುಭವಿಸುತ್ತಿದ್ದಾರೆ. ಹಾಡನ್ನು ಕತ್ತರಿಸದೆ ಉಳಿಸಿದ್ದೇವೆ.’ ‘ಅಂದಿನ ಕಾಲಘಟ್ಟದ ಅಭಿರುಚಿ’ ಅಂತ ಒಂದು ಸಾಲು ಸೇರಿಸಿ ಅಂತ ಆ ಕಡೆಯಿಂದ ಒತ್ತಾಯ ಬಂತು. ನಾನು ಒಪ್ಪಲಿಲ್ಲ. ಆ ಕಾಲದಲ್ಲೂ ಕಾಡಿನವರು ಮನುಷ್ಯರೇ ಆಗಿದ್ದರು, ಅವರನ್ನು ಯಾರೂ ಕೇಳಿರಲಿಲ್ಲ ಅಷ್ಟೇ.

ಈಗ ಫಾರ್ಮಿನಲ್ಲಿ ಎರಡು ಖಾನೆ ಸೇರಿಸಿದ್ದೇವೆ: ಯಾರನ್ನು ಹೀಗಳೆದಿದೆ, ಅವರ ಪೈಕಿ ಯಾರಾದರೂ ಈ ಸಾಲು ಓದಿದ್ದಾರಾ. ಎರಡನೆಯದು ಖಾಲಿ ಇದ್ದರೆ ಫೈಲು ಹೊರಗೆ ಹೋಗುವುದಿಲ್ಲ. ಹಾಗೆ ಓದಿಕೊಡುವವರಿಗೆ ಸಂಭಾವನೆ ಕೊಡಬೇಕು ಅಂತ ಮ್ಯಾನೇಜ್‌ಮೆಂಟಿಗೆ ಬರೆದಿದ್ದೇನೆ. ಇನ್ನೂ ಮಂಜೂರಾಗಿಲ್ಲ. ಪ್ರತಿ ತಿಂಗಳ ಮೀಟಿಂಗಿನಲ್ಲೂ ಎತ್ತುತ್ತಿದ್ದೇನೆ.