ನೆಗೆಟಿವ್ ಪಟ್ಟಿಗೆ "ದರ" ಹಾಕಿದ ಸೋಮವಾರ

ಕಾಸರಗೋಡಿನ ಬದಿಯಡ್ಕ ಕಡೆಯಲ್ಲಿ ಅಡಿಕೆ ಸುಲಿಯುವ ಯಂತ್ರ ಮಾರುವವರೊಬ್ಬರ ಗೂಗಲ್ ಆ್ಯಡ್ಸ್ ಖಾತೆ ನಮ್ಮ ಕೈಯಲ್ಲಿದೆ. ದಿನದ ಬಜೆಟ್ 800 ರೂಪಾಯಿ. ಚಾಲಿ (ಒಣಗಿಸಿದ ಅಡಿಕೆ) ಸುಲಿಯುವ ಸಮಯ. ಸೋಮವಾರ ಬೆಳಿಗ್ಗೆ 11ಕ್ಕೆ ನೋಡಿದರೆ 1,120 ಹೋಗಿದೆ, ಕರೆ ಒಂದೂ ಇಲ್ಲ. 800 ದಾಟಿದ್ದು ತಪ್ಪಲ್ಲ. ಒಂದು ದಿನದಲ್ಲಿ ಬಜೆಟ್‌ನ ಎರಡು ಪಟ್ಟಿನವರೆಗೆ ಖರ್ಚಾಗಬಹುದು, ತಿಂಗಳ ಮಿತಿ ಮಾತ್ರ 30.4 ದಿನದ ಲೆಕ್ಕಕ್ಕೆ 24,320. ಮೇಲೆ 18 ಶೇಕಡಾ ಜಿಎಸ್‌ಟಿ. ಸಣ್ಣ ವ್ಯಾಪಾರಿಗಳಿಗೆ ಇದನ್ನು ಮೊದಲ ದಿನವೇ ಹೇಳಿಡಬೇಕು, ನಾವು ಹೇಳಿರಲಿಲ್ಲ.

ಜನ ಏನು ಹುಡುಕಿದಾಗ ನಮ್ಮ ಜಾಹೀರಾತು ಬಂತು ಎಂದು ತೋರಿಸುವ ಸರ್ಚ್ ಟರ್ಮ್ಸ್ ವರದಿ ತೆರೆದೆ. "ಅಡಿಕೆ ದರ ಇಂದು", "ಹೊಸ ಚಾಲಿ ರೇಟ್", "ಕ್ಯಾಂಪ್ಕೊ ಅಡಿಕೆ ಧಾರಣೆ". ನಮ್ಮ ಊರಿನ ಕೃಷಿಕರು ದಿನ ಬೆಳಗಾದರೆ ಹುಡುಕುವುದೇ ಇದನ್ನು. ಕಾರಣ ಚೇಂಜ್ ಹಿಸ್ಟರಿಯಲ್ಲಿತ್ತು: ಗೂಗಲ್ ಸಲಹೆಗಳನ್ನು ತಾನಾಗಿ ಜಾರಿ ಮಾಡುವ ಆಟೋ ಅಪ್ಲೈ ಟಿಕ್ ತೆಗೆಯದೆ ಬಿಟ್ಟಿದ್ದೆವು, ಕೀವರ್ಡಿನ ಅರ್ಥ ಒಳಗೊಂಡ ಹುಡುಕಾಟಕ್ಕೆ ಮಾತ್ರ ಬೀಳುವ ಫ್ರೇಸ್ ಮ್ಯಾಚ್ ಕೀವರ್ಡ್‌ಗಳ ಜೊತೆಗೆ ಸ್ವಲ್ಪ ಸಂಬಂಧವಿರುವ ಹುಡುಕಾಟಕ್ಕೂ ಬೀಳುವ ಬ್ರಾಡ್ ಮ್ಯಾಚ್ ಬಂದು ಸೇರಿತ್ತು. ಬಿಡ್ಡಿಂಗ್ ಮ್ಯಾಕ್ಸಿಮೈಸ್ ಕ್ಲಿಕ್ಸ್, ಅಂದರೆ ಬಜೆಟ್ಟಿನಲ್ಲಿ ಆದಷ್ಟು ಹೆಚ್ಚು ಕ್ಲಿಕ್. ಬಂದ ಕರೆಗಳನ್ನು ಎಣಿಸುವ ಕಾಲ್ ಕನ್ವರ್ಶನ್ ಜೋಡಿಸಿರಲಿಲ್ಲ. ಯಂತ್ರ ಕೊಳ್ಳುವವರು ಯಾರು, ಧಾರಣೆ ನೋಡುವವರು ಯಾರು ಎಂಬ ಸುಳಿವೇ ಇಲ್ಲದಾಗ ಬ್ರಾಡ್ ಅಗ್ಗದ ಕ್ಲಿಕ್ ರಾಶಿ ಬಿದ್ದ ಕಡೆಗೇ ಹೋಗುತ್ತದೆ.

ಬ್ರಾಡ್ ಕೀವರ್ಡುಗಳನ್ನು ತಡೆಹಿಡಿದು ಅಷ್ಟಕ್ಕೇ ನಿಲ್ಲಬೇಕಿತ್ತು. ಆದರೆ ಗಿರಾಕಿಯ ಎರಡನೇ ಫೋನ್ ಬಂದಿತ್ತು, ಮ್ಯಾನೇಜರ್ ಕುರ್ಚಿಯ ಹಿಂದೆ ನಿಂತು "ಮೊದಲು ನಿಲ್ಲಿಸಿ" ಎನ್ನುತ್ತಿದ್ದರು. "ದರ", "ರೇಟ್", "ಪ್ರೈಸ್" ಮೂರನ್ನೂ ಬ್ರಾಡ್ ನೆಗೆಟಿವ್ ಆಗಿ, ಅಂದರೆ ಜಾಹೀರಾತು ಕಾಣಿಸಬಾರದ ಪದಗಳಾಗಿ ಹಾಕಿ ಸೇವ್ ಒತ್ತಿದೆ. ಖರ್ಚು ಇಳಿಯಿತು, ಉಸಿರು ಬಿಟ್ಟೆ. ಮಂಗಳವಾರ ಕರೆ ಬರಲಿಲ್ಲ. ಬುಧವಾರ ಸಂಜೆಯವರೆಗೂ ಬರಲಿಲ್ಲ.

ಒಂಟಿ ಪದದ ಬ್ರಾಡ್ ನೆಗೆಟಿವ್ ಆ ಪದ ಇರುವ ಎಲ್ಲ ಹುಡುಕಾಟವನ್ನೂ ತಡೆಯುತ್ತದೆ. "ಅಡಿಕೆ ಸುಲಿಯುವ ಯಂತ್ರ ದರ" ಎಂದು ಹುಡುಕುವವರು ಕೊಳ್ಳಲು ಹೊರಟವರು, ಅವರನ್ನೇ ಮೂರು ದಿನ ಹೊರಗೆ ನಿಲ್ಲಿಸಿದ್ದೆ. ಬೇಕಾದದ್ದು ಫ್ರೇಸ್ ನೆಗೆಟಿವ್: "ಅಡಿಕೆ ದರ", "ಚಾಲಿ ರೇಟ್", "ಅಡಿಕೆ ಧಾರಣೆ". ಪದಗಳು ಅದೇ ಕ್ರಮದಲ್ಲಿ ಒತ್ತಿಗೆ ಬಂದರೆ ಮಾತ್ರ ತಡೆ. ನಡುವೆ "ಸುಲಿಯುವ ಯಂತ್ರ" ಇದ್ದರೆ ಜಾಹೀರಾತು ಕಾಣಿಸುತ್ತದೆ.

ಮತ್ತೊಂದು ತೊಡಕು ನಮ್ಮ ಭಾಷೆಯ ಕಡೆಯಿಂದ. ಮಾಮೂಲಿ ಕೀವರ್ಡ್ ಹತ್ತಿರದ ರೂಪಗಳನ್ನು ತಾನೇ ಹಿಡಿಯುತ್ತದೆ, ಕಾಗುಣಿತದ ತಪ್ಪು ಬಿಟ್ಟರೆ ನೆಗೆಟಿವ್ ಹಾಗಲ್ಲ. "ಅಡಿಕೆ ದರ" ಹಾಕಿದರೂ "ಅಡಿಕೆ ದರವೆಷ್ಟು", "ಅಡಿಕೆಯ ದರ" ನುಸುಳುತ್ತವೆ. ವಿಭಕ್ತಿ ಅಂಟಿದರೆ ಅದಕ್ಕೆ ಬೇರೆಯೇ ಪದ. ಕಾಸರಗೋಡಿನಲ್ಲಿ ಇದೇ ಪ್ರಶ್ನೆ ಕನ್ನಡ ಲಿಪಿ, ಮಲಯಾಳ ಲಿಪಿ, ಇಂಗ್ಲಿಷ್ ಅಕ್ಷರ ಮೂರರಲ್ಲೂ ಬರುತ್ತದೆ. ಮಲಯಾಳದಲ್ಲಿ ಅಡಯ್ಕ ವಿಲ (ಅಡಿಕೆ ಬೆಲೆ) ಎಂದು ಕೇಳುವವರೂ ಇದ್ದಾರೆ, ಅರೆಕಾನಟ್ಟನ್ನು ಎರಡು ಪದ ಮಾಡುವವರೂ ಇದ್ದಾರೆ. ಒಂದೊಂದನ್ನೂ ಕೈಯಿಂದಲೇ ಬರೆಯಬೇಕು. ನಮ್ಮ ಪಟ್ಟಿ ಈಗ 64 ಸಾಲು. ಬೆರಳೆಣಿಕೆಯ ಜನ ಹುಡುಕಿದ ಪದಗಳನ್ನು ವರದಿ ತೋರಿಸುವುದಿಲ್ಲ, ಕ್ಲಿಕ್ಕಿನ ಹಣ ಮಾತ್ರ ಹೋಗುತ್ತದೆ. ಹಾಗಾಗಿ ಕಂಡದ್ದನ್ನಾದರೂ ಸೀಸನ್ನಿನಲ್ಲಿ ದಿನಾ ಬೆಳಿಗ್ಗೆ ನೋಡಲೇಬೇಕು.

ಲೊಕೇಶನ್ ಆಪ್ಶನ್ ಕೂಡ ಡೀಫಾಲ್ಟಿನಲ್ಲೇ ಇತ್ತು: ಜಿಲ್ಲೆಯಲ್ಲಿ ಇರುವವರ ಜೊತೆ ಜಿಲ್ಲೆಯ ಬಗ್ಗೆ ಆಸಕ್ತಿ ಇರುವವರೂ ಸೇರುತ್ತಾರೆ. ಮನೆಗೆ ಒಬ್ಬರು ಗಲ್ಫಿನಲ್ಲಿರುವ ಊರಿನಲ್ಲಿ ಅದು ಸಣ್ಣ ಸಂಖ್ಯೆಯಲ್ಲ. ಪ್ರೆಸೆನ್ಸ್ (ಜಿಲ್ಲೆಯಲ್ಲಿ ಇರುವವರು) ಮಾತ್ರ ಎಂದು ಬದಲಿಸಿದೆವು.

"ಸಬ್ಸಿಡಿ" ಪದವನ್ನೂ ನೆಗೆಟಿವ್ ಮಾಡಿ ಎಂದು ಆಫೀಸಿನಲ್ಲಿ ಒತ್ತಾಯ ಇತ್ತು. ನಾನು ಒಪ್ಪಲಿಲ್ಲ. ಕೃಷಿ ಯಂತ್ರಕ್ಕೆ ಸಬ್ಸಿಡಿ ಕೇಳುವವರು ಯಂತ್ರ ಕೊಳ್ಳುವವರೇ, ನಿರ್ಧಾರಕ್ಕೆ ಸಮಯ ಬೇಕು ಅಷ್ಟೆ. ಅದಕ್ಕೆ 100 ರೂಪಾಯಿಯ ಬೇರೆ ಕ್ಯಾಂಪೇನ್ ಮಾಡಿ, ಕ್ಲಿಕ್ಕಿಗೆ ಗರಿಷ್ಠ 6 ರೂಪಾಯಿ ಎಂದು ಕಟ್ಟಿದೆ. ಮುಖ್ಯ ಕ್ಯಾಂಪೇನಿನಲ್ಲಿ ಮಾತ್ರ "ಸಬ್ಸಿಡಿ" ನೆಗೆಟಿವ್, ಇಲ್ಲವಾದರೆ ಎರಡೂ ಒಂದೇ ಹುಡುಕಾಟಕ್ಕೆ ಬೀಳುತ್ತವೆ.