ವರ್ಷಕ್ಕೆ ಹದಿನಾಲ್ಕು ತಿಂಗಳು

ಕಳೆದ ಭಾನುವಾರ ರಾತ್ರಿ ಊಟದ ತಟ್ಟೆಗಳನ್ನು ತೊಳೆದಿಟ್ಟು ಕೂತಿದ್ದಾಗ ನಮ್ಮ ಯಜಮಾನರು ಫೋನ್ ಮಾಡಿ ಕೇಳಿದ ಪ್ರಶ್ನೆ ಇದು: "ನಾವು ಮೂರು ಮಂದಿ ವರ್ಷಕ್ಕ ಎಷ್ಟು ಅಕ್ಕಿ ಉಣ್ತೀವಿ? ಬ್ಯಾಳಿ ಎಷ್ಟು, ಎಣ್ಣಿ ಎಷ್ಟು? ಶನಿವಾರದೊಳಗ ಪಟ್ಟಿ ಕಳಿಸು, ಆಮ್ಯಾಲ ಹಡಗಿಗೆ ತಗೊಳ್ಳಂಗಿಲ್ಲ." ಹನ್ನೊಂದು ವರ್ಷಗಳಿಂದ ರಾಯಚೂರಿನ ಈ ಅಡುಗೆಮನೆಯಲ್ಲಿ ದಿನಕ್ಕೆ ಎರಡು ಹೊತ್ತು ಒಲೆ ಹಚ್ಚುತ್ತಿರುವ ನನಗೆ ಉತ್ತರ ಗೊತ್ತಿರಲಿಲ್ಲ. ತಿಂಗಳಿಗೆ ಕಿರಾಣಿ ಬಿಲ್ ಎಷ್ಟಾಗುತ್ತದೆ ಎಂದು ಕೇಳಿದ್ದರೆ ರೂಪಾಯಿ ಲೆಕ್ಕದಲ್ಲಿ ಹೇಳುತ್ತಿದ್ದೆ. ನಾವು ಎಷ್ಟು ಉಣ್ಣುತ್ತೇವೆ ಎಂಬುದು ಬೇರೆಯೇ ಪ್ರಶ್ನೆ ಎಂದು ಆ ರಾತ್ರಿ ಮೊದಲ ಬಾರಿಗೆ ಹೊಳೆಯಿತು.

ಅವರು ಎರಡು ವರ್ಷ ಒಟ್ಟಾವದಲ್ಲಿದ್ದು, ಕಳೆದ ಅಕ್ಟೋಬರಿನಿಂದ ಇಕಾಲುಯಿತ್ ಎಂಬ ಊರಿನ ವಿದ್ಯುತ್ ಸ್ಥಾವರದಲ್ಲಿ ಕೆಲಸ ಮಾಡುತ್ತಿದ್ದಾರೆ. ಬರುವ ಆಗಸ್ಟಿನಲ್ಲಿ ನಾನು ಮತ್ತು ಮಗಳು ಅಲ್ಲಿಗೆ ಹೊರಡುವವರು. ಅದು ಕೆನಡಾದ ಬಾಫಿನ್ ದ್ವೀಪದಲ್ಲಿದೆ. 1999ರಲ್ಲಿ ರೂಪುಗೊಂಡ ನುನಾವುತ್ ಪ್ರದೇಶದ ರಾಜಧಾನಿ. ರಾಜಧಾನಿ ಎಂದಾಕ್ಷಣ ಬೆಂಗಳೂರನ್ನು ನೆನೆದುಕೊಳ್ಳಬಾರದು, ನಮ್ಮ ಮಾನ್ವಿ ಪಟ್ಟಣದ ಒಂದು ಮೂಲೆಯಷ್ಟೂ ಜನವಿಲ್ಲ. ಒಟ್ಟಾವದಿಂದ ವಿಮಾನದಲ್ಲಿ ಮೂರು ತಾಸು. ಆ ಊರಿನಿಂದ ಬೇರೆ ಯಾವ ಊರಿಗೂ ರಸ್ತೆಯಿಲ್ಲ, ಊರಿನ ಸುತ್ತ ಕಣ್ಣು ಹಾಯಿಸಿದಷ್ಟು ದೂರ ಒಂದು ಮರವಿಲ್ಲ. ಫೆಬ್ರವರಿಯ ಸರಾಸರಿ ಉಷ್ಣಾಂಶ ಶೂನ್ಯಕ್ಕಿಂತ 25 ಡಿಗ್ರಿಗೂ ಕೆಳಗೆ, ಡಿಸೆಂಬರಿನಲ್ಲಿ ಹಗಲೆಂಬುದು ನಾಲ್ಕು ತಾಸು ಚಿಲ್ಲರೆ. ಈ ಸಾಲುಗಳನ್ನು ಬರೆಯುತ್ತಿರುವ ಹೊತ್ತಿಗೆ ನನ್ನ ಕಿಟಕಿಯ ಹೊರಗೆ 42 ಡಿಗ್ರಿ ಬಿಸಿಲು ಇರುವುದರಿಂದ ಆ ಚಳಿ ನನಗಿನ್ನೂ ಬರೀ ಅಂಕಿಯಾಗಿಯೇ ಉಳಿದಿದೆ. ಉಣ್ಣೆಯ ಒಳಅಂಗಿ ಇದೆಯೇ ಎಂದು ಮೇ ತಿಂಗಳಲ್ಲಿ ಕೇಳಿದ್ದಕ್ಕೆ ಪೇಟೆಯ ಅಂಗಡಿಯವರು ನನ್ನನ್ನು ನೋಡಿದ ರೀತಿಯಿಂದ, ಬಟ್ಟೆಯ ವಿಷಯವನ್ನು ಅಲ್ಲಿಗೆ ಹೋದ ಮೇಲೆಯೇ ನೋಡಿಕೊಳ್ಳುವುದು ಲೇಸೆಂದು ತೀರ್ಮಾನಿಸಿದ್ದೇನೆ.

ಚಳಿಗಿಂತ ಹೆಚ್ಚು ಕಾಡುತ್ತಿರುವುದು ಊಟದ ಲೆಕ್ಕ. ಸಮುದ್ರ ಹೆಪ್ಪುಗಟ್ಟುವುದರಿಂದ ಹಡಗುಗಳು ಅಲ್ಲಿಗೆ ಬರುವುದು ಜುಲೈಯಿಂದ ಅಕ್ಟೋಬರಿನವರೆಗೆ ಮಾತ್ರ. ಉಳಿದ ತಿಂಗಳುಗಳಲ್ಲಿ ಒಂದು ಟೊಮೆಟೊ ಬೇಕೆಂದರೂ ಅದು ವಿಮಾನವೇರಿಯೇ ಬರಬೇಕು. ಹೀಗಾಗಿ ಅಂಗಡಿಯಲ್ಲಿ ದಿನಸಿಯ ಬೆಲೆ ಆ ದೇಶದ ದಕ್ಷಿಣದ ನಗರಗಳಿಗಿಂತ ಎರಡು ಮೂರು ಪಟ್ಟು. ಎರಡು ಮಲಗುಕೋಣೆಯ ಮನೆಗೆ ತಿಂಗಳ ಬಾಡಿಗೆ 2,500 ಡಾಲರಿಗೂ ಹೆಚ್ಚು. ಕೆಲಸದ ಜೊತೆ ಮನೆಯನ್ನೂ ಕೊಟ್ಟಿರದಿದ್ದರೆ ನಾವು ಈ ಮಾತನ್ನೇ ಎತ್ತುತ್ತಿರಲಿಲ್ಲ. ಊರಿಗೆ ಬೇಕಾದ ಕರೆಂಟು ಕೂಡ ಬೇಸಿಗೆಯ ಹಡಗಿನಲ್ಲಿ ಬಂದು ತೊಟ್ಟಿಗಳಲ್ಲಿ ತುಂಬಿಕೊಳ್ಳುವ ಡೀಸೆಲ್ಲಿನಿಂದಲೇ ಆಗಬೇಕು. ಆದ್ದರಿಂದ ತಿಳಿವಳಿಕೆಯುಳ್ಳವರು ವರ್ಷಕ್ಕೊಮ್ಮೆ ಅಕ್ಕಿ, ಹಿಟ್ಟು, ಎಣ್ಣೆ, ಸಾಬೂನು ಎಲ್ಲವನ್ನೂ ದಕ್ಷಿಣದಲ್ಲಿ ಖರೀದಿಸಿ, ಮರದ ಪೆಟ್ಟಿಗೆಯಲ್ಲಿ ಕಟ್ಟಿಸಿ, ಕ್ವಿಬೆಕ್ಕಿನ ಬಂದರಿನಿಂದ ಹೊರಡುವ ಹಡಗಿಗೆ ಹಾಕಿಸುತ್ತಾರೆ. ಅದಕ್ಕೆ ಅಲ್ಲಿ ಸೀಲಿಫ್ಟ್ ಎನ್ನುತ್ತಾರೆ.

ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಫೋನಿನಲ್ಲಿ ಹಳೆಯ ಆರ್ಡರುಗಳನ್ನು ತೆಗೆದು ಕೂಡಿಸತೊಡಗಿದೆ. ಅರ್ಧ ಕಿಲೋ ರವೆ, ಒಂದು ಕಿಲೋ ಬೇಳೆ, ತೀರಿದಾಗ ಮೂಲೆಯ ಅಂಗಡಿಯಿಂದ ಮಗಳು ತಂದ ಸಕ್ಕರೆ, ಊರಿನಿಂದ ಬಂದ ಜೋಳ. ಲೆಕ್ಕ ಎಲ್ಲಿಯೂ ನಿಲ್ಲಲಿಲ್ಲ. ಮಂಗಳವಾರ ಬೆಳಿಗ್ಗೆ ಬಸ್ಸು ಹತ್ತಿ ಮಾನ್ವಿ ತಾಲ್ಲೂಕಿನ ನಮ್ಮ ಅತ್ತೆಯ ಊರಿಗೆ ಹೋದೆ. ಹೇಗಾದರೂ ಹೋಗಲೇಬೇಕಿತ್ತು, ಹೊರಡುವ ವಿಷಯವನ್ನು ಅವರಿಗೆ ಮಗ ಫೋನಿನಲ್ಲಿ ಹೇಳಿದ್ದನೇ ಹೊರತು ನಾನು ಮುಖ ಕೊಟ್ಟು ಮಾತಾಡಿರಲಿಲ್ಲ.

ಅತ್ತೆ ಪಡಸಾಲೆಯಲ್ಲಿ ಕೂತು ತೊಗರಿಬೇಳೆಗೆ ಔಡಲೆಣ್ಣೆ ಸವರುತ್ತಿದ್ದರು. ನಾನು ಹಡಗು, ಹಿಮ, ಪೆಟ್ಟಿಗೆ ಎಲ್ಲವನ್ನೂ ವಿವರಿಸಿ, ಒಂದು ವರ್ಷದ ಕಾಳುಕಡಿಯನ್ನು ಒಮ್ಮೆಗೇ ತುಂಬಿಕೊಳ್ಳಬೇಕಂತೆ ಎಂದೆ. ಅವರ ಕೈ ನಿಂತಿತು. ನನ್ನ ಮುಖವನ್ನು ನೋಡಿ ಕೇಳಿದರು: "ಅಲ್ಲಿ ಬರ ಬಿದ್ದದೇನವಾ?"

ನಾನು ನಕ್ಕೆ. ಇಲ್ಲ ಅತ್ತಿ, ಅದು ಬಹಳ ಶ್ರೀಮಂತರ ದೇಶ ಎಂದೆ. ಅವರು ನಗಲಿಲ್ಲ. "ಶ್ರೀಮಂತರ ದೇಶದಾಗ ದಿನಾ ಕಾಳು ಯಾಕ ಸಿಗಂಗಿಲ್ಲ?" ಎಂದು ಮತ್ತೆ ಬೇಳೆಗೆ ಎಣ್ಣೆ ಸವರತೊಡಗಿದರು.

ಆ ಒಂದು ಮಾತು ಈ ವಾರವಿಡೀ ನನ್ನ ಬೆನ್ನು ಬಿಟ್ಟಿಲ್ಲ. ಅತ್ತೆ 1972ರ ಬರದಲ್ಲಿ ಹನ್ನೆರಡು ವರ್ಷದ ಹುಡುಗಿ. ಬರಗಾಲದ ಕಾಮಗಾರಿಯಲ್ಲಿ ತಾಯಿಯ ಜೊತೆ ಕಲ್ಲು ಹೊತ್ತವರು. ವರ್ಷದ ಕಾಳು ಎನ್ನುವ ಮಾತು ಅವರ ಕಿವಿಗೆ ಬೀಳುವ ರೀತಿ ಬೇರೆ. ಅವರಿಗೆ ಅದು ಸೋವಿಯ ಖರೀದಿಯಲ್ಲ, ಮಳೆ ಕೈಕೊಟ್ಟರೆ ಎಂಬ ಅಂಜಿಕೆಯ ಇನ್ನೊಂದು ಹೆಸರು.

ಲೆಕ್ಕ ಹೇಳಿಕೊಡಿ ಎಂದಾಗ ಅವರು ಕಾಗದ ಕೇಳಲಿಲ್ಲ, ಮೊಮ್ಮಗಳು ಈಗ ಎಷ್ಟು ರೊಟ್ಟಿ ತಿನ್ನುತ್ತಾಳೆ ಎಂದು ಕೇಳಿದರು. ಮೂರು ಮಂದಿಗೆ ಅಕ್ಕಿ, ಜೋಳ, ಗೋಧಿ ಎಲ್ಲ ಕೂಡಿ ದಿನಕ್ಕೆ ಒಂದು ಸೇರು. ಬೇಳೆ ಪಾವುಸೇರು. ಎಣ್ಣೆ ತಿಂಗಳಿಗೆ ಮೂರು ಲೀಟರ್, ಹಬ್ಬದ ತಿಂಗಳಿಗೆ ನಾಲ್ಕು. ಹೋಳಿಗೆಗೆ ಬೆಲ್ಲ ಬೇರೆ, ಚಹಾಕ್ಕೆ ಸಕ್ಕರೆ ಬೇರೆ. ನಾನು ಸೇರನ್ನು ಅಂದಾಜು ಕಿಲೋ ಎಂದು ಹಿಡಿದು 365 ಎಂದು ಬರೆದುಕೊಂಡೆ. "ಹನ್ನೆರಡು ತಿಂಗಳಿಗೆ ಲೆಕ್ಕ ಹಾಕಿದೇನು? ವರ್ಷ ಅಂದ್ರ ಹದಿನಾಲ್ಕು ತಿಂಗಳು ಹಿಡೀಬೇಕು" ಎಂದರು. ಯಾಕೆಂದು ಕೇಳಿದೆ. "ಮಳಿ ತಡ ಆದ್ರ ಏನು ತಿಂತಿ?" ಎಂದವರು, ಅಲ್ಲಿ ಮಳೆಯ ಮಾತೇ ಇಲ್ಲವೆಂಬುದು ನೆನಪಾಗಿ ತಿದ್ದಿಕೊಂಡರು: "ಹಡಗು ತಡ ಆದ್ರ?" ಮಂಜುಗಡ್ಡೆ ಬೇಗ ಸರಿಯದ ವರ್ಷ ಹಡಗು ತಡವಾಗುತ್ತದೆ ಎಂದು ನಮ್ಮ ಯಜಮಾನರು ನನಗೆ ಹೇಳಿದ್ದರು, ಅತ್ತೆಗೆ ಯಾರೂ ಹೇಳಿರಲಿಲ್ಲ.

ಒಂದೇ ಕಡೆ ಅವರ ಅನುಭವ ತಡವರಿಸಿತು. ಜೋಳದ ಹಿಟ್ಟನ್ನು ವರ್ಷಕ್ಕೆ ತುಂಬಬೇಡ, ಹಳೆಯ ಹಿಟ್ಟಿನ ಜಿಗಿ ಹೋಗಿ ರೊಟ್ಟಿ ಬಡಿಯುವಾಗ ಬಿರಿಯುತ್ತದೆ ಎಂದರು. ಮನೆಯ ಹೊರಗಿನ ಗೂಡಿನಲ್ಲಿ ಇಟ್ಟರೆ ಆರೇಳು ತಿಂಗಳು ಅದು ಹೆಪ್ಪುಗಟ್ಟಿಯೇ ಇರುತ್ತದೆ, ಕೆಡುವುದಿಲ್ಲ ಎಂದೆ. ಸ್ವಲ್ಪ ಹೊತ್ತು ಯೋಚಿಸಿ, "ಹಂಗಾದ್ರ ಇಡೀ ಊರೇ ಒಂದು ಫ್ರಿಜ್ಜು ಅನ್ನು" ಎಂದು ಆಗ ಮಾತ್ರ ನಕ್ಕರು. ಬಿಸಿಲಿಗೆ ಒಣಗಿದ ಕಟಕ ರೊಟ್ಟಿ, ಗುರೆಳ್ಳು ಚಟ್ನಿಪುಡಿ ಮತ್ತು ಆರು ಕಿಲೋ ಖಾರದಪುಡಿಯನ್ನು ನಾವು ಕೈಯಲ್ಲೇ ಒಯ್ಯುವುದೆಂದು ತೀರ್ಮಾನವಾಯಿತು. ಇಬ್ಬರಿಗೆ ನಾಲ್ಕು ಚೀಲ, ಒಂದೊಂದು 23 ಕಿಲೋ. ಒಟ್ಟು 92 ಕಿಲೋದಲ್ಲಿ ಬಟ್ಟೆ, ಮಗಳ ಪುಸ್ತಕ, ರೊಟ್ಟಿಯ ಹಂಚು ಎಲ್ಲ ಸೇರಬೇಕು. ಹಂಚನ್ನು ಬಿಟ್ಟು ಹೋಗುವ ಮಾತನ್ನು ಮಾತ್ರ ನಾನು ಯಾರಿಂದಲೂ ಕೇಳಲು ಸಿದ್ಧಳಿಲ್ಲ.

ಮರಳಿ ಹೊರಟಾಗ ಅಂಗಳದಲ್ಲಿ ಮೈದುನನ ಬೈಕು ನಿಂತಿತ್ತು. ಅದರ ಕೆಳಗೆ ಹಗೇವು ಇದೆ. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆಯೇ ಅದರ ಕಥೆ ಹೇಳಿದ್ದರು: ನೆಲದೊಳಗೆ ತೋಡಿ, ಹುಲ್ಲು ಹಾಸಿ, ಜೋಳ ಸುರಿದು ಬಾಯಿ ಮುಚ್ಚುತ್ತಿದ್ದ ಆ ಕಣಜವನ್ನು ತೆರೆದಾಗ ಕೂಡಲೇ ಯಾರೂ ಇಳಿಯುತ್ತಿರಲಿಲ್ಲವಂತೆ, ಮೊದಲು ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯುವುದು. ಈಗ ಅದರ ಬಾಯಿಗೆ ಸಿಮೆಂಟು ಬಳಿದು ಬೈಕು ನಿಲ್ಲಿಸುತ್ತಾರೆ. ನಾನು ಅದನ್ನು ದೂರುವುದಿಲ್ಲ. ಪಡಿತರದ ಅಕ್ಕಿ ತಿಂಗಳು ತಿಂಗಳು ಬರುವಾಗ ಹೊಂಡಕ್ಕಿಳಿದು ಉಸಿರುಗಟ್ಟುವ ಅಪಾಯ ಯಾರಿಗೆ ಬೇಕು? ಆದರೆ ಹೊಂಡವನ್ನು ಮುಚ್ಚಿದಾಗ ಅಳತೆಯನ್ನೂ ಅದರೊಳಗೇ ಹಾಕಿ ಮುಚ್ಚಿದೆವೆಂದು ಕಾಣುತ್ತದೆ.

ಬಸ್ಸಿನಲ್ಲಿ ನನ್ನನ್ನು ನಾಚಿಸಿದ್ದು ಇನ್ನೊಂದು ಸಂಗತಿ. ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವವಳು. 1876ರಿಂದ 1878ರವರೆಗಿನ ಮಹಾ ಬರದ ಬಗ್ಗೆ, ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಪಕ್ಕದ ಬಳ್ಳಾರಿ ಜಿಲ್ಲೆ ಪಟ್ಟ ಪಾಡಿನ ಬಗ್ಗೆ ಮಕ್ಕಳಿಗೆ ಹೇಳದ ವರ್ಷವಿಲ್ಲ. 1877ರಲ್ಲಿ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ, ಬರಗಾಲದ ಕಾಮಗಾರಿಯಲ್ಲಿ ದುಡಿಯುವ ಆಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯದ ಬೆಲೆಯೂ ಒಂದು ಆಣೆಯೂ ಸಾಕೆಂದು ಕೂಲಿ ಇಳಿಸಿದ್ದನ್ನು ಕಪ್ಪು ಹಲಗೆಯ ಮೇಲೆ ಬರೆದು, ಪೌಂಡ್ ಅಂದರೆ ಸುಮಾರು 450 ಗ್ರಾಂ ಎಂದು ಅಡಿಗೆರೆ ಎಳೆದಿದ್ದೇನೆ. ನೂರೈವತ್ತು ವರ್ಷಗಳ ಹಿಂದೆ ಹಸಿದವರಿಗೆ ಅಳೆದುಕೊಟ್ಟ ತುತ್ತು ನನಗೆ ಬಾಯಿಪಾಠ. ನನ್ನ ಮನೆಯಲ್ಲಿ ದಿನಕ್ಕೊಂದು ಸೇರು ಬೇಯುತ್ತದೆ ಎಂಬುದನ್ನು ಶಾಲೆಯ ಮೆಟ್ಟಿಲು ಹತ್ತದ ಹೆಂಗಸಿನಿಂದ ತಿಳಿದುಕೊಂಡು ಬರಬೇಕಾಯಿತು.

ಈ ನಡುವೆ ಸಂಬಂಧಿಕರದು ಇನ್ನೊಂದು ಗಣಿತ. ನನ್ನ ಸೋದರಮಾವ ಬಂದಾಗಲೆಲ್ಲ ಯಜಮಾನರ ಸಂಬಳವನ್ನು ಡಾಲರಿಗೆ ಅರವತ್ತು ಚಿಲ್ಲರೆಯಂತೆ ಗುಣಿಸಿ, ಬಂದ ಮೊತ್ತವನ್ನು ಮನೆಯವರೆಲ್ಲರ ಮುಂದೆ ಗಟ್ಟಿಯಾಗಿ ಓದುತ್ತಾರೆ. ಬೆಲೆಯನ್ನೂ ಅದೇ ಅರವತ್ತರಿಂದ ಗುಣಿಸಿ ನೋಡಿ ಮಾಮ ಎಂದರೆ ಅವರಿಗೆ ಕಿವಿ ಕೇಳುವುದಿಲ್ಲ. ಒಳ್ಳೆಯ ಮನುಷ್ಯರೇ, ಆದರೆ ಅವರ ಕಣ್ಣಿಗೆ ಬೀಳುವುದು ಜಮೆಯ ಪುಟ ಮಾತ್ರ. ಅತ್ತೆ ಒಂದು ದಿನವೂ ಸಂಬಳ ಎಷ್ಟೆಂದು ಕೇಳಲಿಲ್ಲ. ಬರ ಬಿದ್ದದೇನು ಎಂದು ಕೇಳಿದರು. ಆ ಊರಿನ ಬಗ್ಗೆ ಇಷ್ಟು ದಿನ ನಾನು ಓದಿದ್ದರಲ್ಲೆಲ್ಲ ಇಷ್ಟು ನೇರವಾದ ಪ್ರಶ್ನೆ ಸಿಕ್ಕಿರಲಿಲ್ಲ, ಮತ್ತು ನಾನು ಕೊಟ್ಟ ಉತ್ತರ ಸರಿಯಾಗಿತ್ತೇ ಎಂಬ ಬಗ್ಗೆ ನನಗೀಗ ಅಷ್ಟು ಧೈರ್ಯವೂ ಇಲ್ಲ. ಅಲ್ಲಿನ ಮೂಲನಿವಾಸಿ ಇನುಯಿತ್ ಕುಟುಂಬಗಳಲ್ಲಿ ತಿಂಗಳ ಕೊನೆಗೆ ಅಂಗಡಿಯ ಬೆಲೆ ಎಟುಕದೆ ಊಟ ಸಾಲದವರು ಬಹಳ ಮಂದಿ ಇದ್ದಾರೆ. ಕಪಾಟಿನ ತುಂಬ ಸಾಮಾನು, ಕೊಳ್ಳಲಾಗದ ಜನ: 1877ರ ಪಾಠದಲ್ಲಿಯೂ ನಾನು ಮಕ್ಕಳಿಗೆ ಹೇಳುವುದು ಇದನ್ನೇ ಅಲ್ಲವೇ, ಧಾನ್ಯ ಇತ್ತು, ಆದರೆ ಕೂಲಿಯವನ ಕೈಗೆ ಎಟುಕುವ ಬೆಲೆಯಲ್ಲಿರಲಿಲ್ಲ ಎಂದು.

ಆ ಜನ ಬೇಟೆಯ ಮಾಂಸವನ್ನೂ ಮೀನನ್ನೂ ಒಬ್ಬರಿಗೊಬ್ಬರು ಹಂಚಿಕೊಂಡು ಬದುಕಿದವರು. ನಮ್ಮ ಯಜಮಾನರು ಹೋದ ಮೊದಲ ವಾರವೇ ಪಕ್ಕದ ಮನೆಯಾತ ಬಾಗಿಲು ತಟ್ಟಿ, ಹೆಪ್ಪುಗಟ್ಟಿದ ಒಂದು ಮೊಳದ ಮೀನನ್ನು ಕೈಗಿಟ್ಟು ಹೋದನಂತೆ. ಹುಟ್ಟಿದಂದಿನಿಂದ ಮೀನು ಮುಟ್ಟದ ಇವರು ಅದನ್ನು ಬೇಡವೆನ್ನಲು ಬಾಯಿ ಬಾರದೆ, ಮರುದಿನ ಕೆಲಸದ ಜಾಗದ ಗೆಳೆಯನಿಗೆ ಕೊಟ್ಟು ಬಂದರು. ಇದನ್ನು ಅವರು ಅವ್ವನಿಗೆ ಫೋನಿನಲ್ಲಿ ಹೇಳಿ ನಕ್ಕಿದ್ದರು.

ಶುಕ್ರವಾರ ರಾತ್ರಿ ಪಟ್ಟಿ ಕಳಿಸಿದೆ. ಹದಿನಾಲ್ಕು ತಿಂಗಳಿಗೆ ಅಕ್ಕಿ 180 ಕಿಲೋ, ಗೋಧಿ ಹಿಟ್ಟು 140, ಜೋಳದ ಹಿಟ್ಟು 100, ಅದರ ಕೆಳಗೆ ಬೇಳೆ, ಎಣ್ಣೆ, ಬೆಲ್ಲ, ಉಪ್ಪು. ಎಲ್ಲಕ್ಕೂ ಕೊನೆಗೆ, ಅತ್ತೆ ಬಸ್ ನಿಲ್ದಾಣದವರೆಗೂ ಬಂದು ನೆನಪಿಸಿದ ಸಾಲು: ಬಂದವರ ಪಾಲು, 40 ಕಿಲೋ. ಶನಿವಾರ ಯಜಮಾನರು ಫೋನ್ ಮಾಡಿದರು. ಅತ್ತೆಯನ್ನೂ ಕರೆಯಲ್ಲಿ ಸೇರಿಸಿಕೊಂಡೆ.

"ಕಡೀ ಸಾಲು ತಗದು ಹಾಕ್ತೀನಿ. ಈ ಮೂಲಿಯಾಗ ನಮ್ಮನಿಗೆ ಯಾರು ಬರ್ತಾರಬೇ?" ಎಂದರು ಅವರು.

"ನಿನಗ ಮೀನ ಕೊಟ್ಟಾವ ಬರಂಗಿಲ್ಲೇನು?" ಎಂದರು ಅತ್ತೆ.

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿರಲಿಲ್ಲ. ಸಂಪರ್ಕ ಕಡಿಯಿತೆಂದು ನಾನು ಹಲೋ ಎಂದೆ.

"ಅವಗ ಜೋಳದ ರೊಟ್ಟಿ ಸೇರ್ತದೋ ಇಲ್ಲೋ" ಎಂದರು ಯಜಮಾನರು.

"ಕೇಳು ಮತ್ತ. ಕೇಳಿ ಬರಕೋ."